ಫ್ರೆಂಚ್ ಭೋಜನಶಾಲೆಯ ಬಿಲ್ಲು ಮತ್ತು ಅದರ ಹಿಂದಿನ ವೆಚ್ಚಲೆಕ್ಕ

ವ್ಯಾಪಾರ ಮೇಳಗಳ ನಿಮಿತ್ತ ಪ್ಯಾರಿಸ್‌ಗೆ ಹೋಗಿಬರುವ ಉದ್ಯಮಿಗಳು ನಮ್ಮ ರಾಜ್ಯದಲ್ಲಿ ಅನೇಕರಿದ್ದಾರೆ. ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಬೆಂಗಳೂರಿನ ಘಟಕಗಳವರು ಎರಡು ವರ್ಷಕ್ಕೊಮ್ಮೆ ಲ ಬೂರ್ಜೆಯಲ್ಲಿ ನಡೆಯುವ ವೈಮಾನಿಕ ಪ್ರದರ್ಶನಕ್ಕೂ, ಆಹಾರ ಸಂಸ್ಕರಣೆಯವರು ಸಿಯಾಲ್ ಮೇಳಕ್ಕೂ ತೆರಳುತ್ತಾರೆ. ಅಲ್ಲಿನ ಖರೀದಿದಾರರು ನಮ್ಮನ್ನು ಊಟಕ್ಕೆ ಕರೆಯುವುದುಂಟು; ಕೆಲವೊಮ್ಮೆ ನಾವೇ ಅವರನ್ನು ಕರೆಯಬೇಕಾಗುವುದೂ ಉಂಟು. ಮೂರು ಗಂಟೆಗಳ ಕಾಲ ಸಾಗುವ ಊಟ, ಅಗಲವಾದ ತಟ್ಟೆಯ ನಡುವೆ ಮೂರು ಬೆರಳಿನಷ್ಟು ಪದಾರ್ಥ, ಕೊನೆಗೆ ನೂರಾರು ಯೂರೋಗಳ ಬಿಲ್ಲು. ಇಷ್ಟು ಹಣಕ್ಕೆ ಇಷ್ಟೇ ಪದಾರ್ಥವೇ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಾದರೂ ಏಳುವುದು ಸಹಜ.

ರುಚಿಯ ವಿಮರ್ಶೆ ಪ್ರಸ್ತುತ ಲೇಖನದ ಉದ್ದೇಶವಲ್ಲ. ಉನ್ನತ ದರ್ಜೆಯ ಆಧುನಿಕ ಫ್ರೆಂಚ್ ಭೋಜನಶಾಲೆಯನ್ನು ಒಂದು ಸಣ್ಣ ಉತ್ಪಾದನಾ ಘಟಕವೆಂದು ಭಾವಿಸಿ ಅದರ ಲೆಕ್ಕವನ್ನು ಪರಿಶೀಲಿಸಿದರೆ, ಜಗತ್ಪ್ರಸಿದ್ಧ ಉತ್ಪನ್ನವಿದ್ದರೂ ಲಾಭ ಬಹಳ ತೆಳುವಾಗಿರುವುದು ಕಂಡುಬರುತ್ತದೆ. ಕೀರ್ತಿಯ ಶಿಖರದಲ್ಲಿದ್ದಾಗಲೇ ದಿವಾಳಿಯಾದ ಭೋಜನಶಾಲೆಯೂ ಉಂಟು. ಇದು ಏಕೆ ಸಂಭವಿಸುತ್ತದೆ ಎಂಬುದನ್ನು ಸಾಲ ತೆಗೆದು ಘಟಕ ವಿಸ್ತರಿಸುವ ನಮ್ಮ ವಾಚಕರು ಅರಿಯುವುದು ಲೇಸು.

ಊಟದ ಕ್ರಮ

ಮೊದಲು ಪದಗಳ ಗೊಂದಲವನ್ನು ನಿವಾರಿಸಿಕೊಳ್ಳೋಣ. ನಾವು 'ಮೆನು' ಎನ್ನುವ ಪಟ್ಟಿಯನ್ನು ಫ್ರೆಂಚರು 'ಕಾರ್ತ್' ಎನ್ನುತ್ತಾರೆ. ಅವರಲ್ಲಿ 'ಮೆನು' ಎಂದರೆ ನಿಗದಿತ ಬೆಲೆಗೆ ನಿಗದಿತ ಪದಾರ್ಥಗಳ ಊಟ. 'ಆಂತ್ರೆ' ಎಂಬುದು ಆರಂಭದ ತಿನಿಸು. ಅಮೆರಿಕದಲ್ಲಿ ಅದೇ ಪದಕ್ಕೆ ಮುಖ್ಯ ಪದಾರ್ಥ ಎಂಬ ಅರ್ಥ ಬಂದಿರುವುದರಿಂದ ಎಚ್ಚರ ಅಗತ್ಯ. ಬಾಣಸಿಗನೇ ಆಯ್ದ ಏಳೆಂಟು ಸಣ್ಣ ಬಡಿಸುವಿಕೆಗಳ ಸರಣಿಗೆ 'ಮೆನು ದೆಗುಸ್ತಾಸಿಯೋನ್' ಎಂದು ಹೆಸರು. ಸಾಮಾನ್ಯವಾಗಿ ಮೇಜಿನಲ್ಲಿರುವ ಎಲ್ಲರೂ ಇದನ್ನೇ ತೆಗೆದುಕೊಳ್ಳಬೇಕೆಂಬ ನಿಬಂಧನೆ ಇರುತ್ತದೆ.

ನಾವು ಕೇಳದೆಯೇ ಬರುವ ಒಂದು ತುತ್ತಿನ ತಿನಿಸಿನಿಂದ ಊಟ ಆರಂಭವಾಗುತ್ತದೆ. ಆಂತ್ರೆ, ಮೀನು, ಮಾಂಸ, ಚೀಸ್, ಸಿಹಿ ಎಂಬ ಅನುಕ್ರಮ ಮುಗಿದ ಮೇಲೆ ಕಾಫಿಯೊಡನೆ ಪುಟ್ಟ ಮಿಠಾಯಿಗಳು ಬರುತ್ತವೆ. ಹೀಗೆ ಒಂದರ ನಂತರ ಒಂದನ್ನು ಬಡಿಸುವ ಪದ್ಧತಿ ಫ್ರಾನ್ಸಿನಲ್ಲಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಅವರಿಟ್ಟ ಹೆಸರೇ 'ರಷ್ಯನ್ ಪದ್ಧತಿ'. ಅದಕ್ಕೂ ಮುನ್ನ ಅನೇಕ ಭಕ್ಷ್ಯಗಳನ್ನು ಏಕಕಾಲಕ್ಕೆ ಮೇಜಿನ ಮೇಲಿಡುತ್ತಿದ್ದರು. ಆ ಲೆಕ್ಕದಲ್ಲಿ ಹಳೆಯ ಫ್ರೆಂಚ್ ಊಟ ನಮ್ಮ ಬಾಳೆಯೆಲೆಯ ಊಟಕ್ಕೇ ಹೆಚ್ಚು ಸಮೀಪ ಎನ್ನಬಹುದು. ಬಿಸಿಯಾದದ್ದನ್ನು ಬಿಸಿಯಾಗಿಯೇ ತಿನ್ನಲು ಹೊಸ ಪದ್ಧತಿ ಅನುಕೂಲಕರವಾದರೂ, ಪ್ರತಿ ಸುತ್ತಿಗೂ ತಟ್ಟೆ ಬದಲಿಸುವ ಕೈಗಳು ಬೇಕು. ವೆಚ್ಚದ ಮೊದಲ ಬೀಜ ಅಲ್ಲಿಯೇ ಇದೆ.

ಹಳೆಯ ಸಂಪ್ರದಾಯದ ಕೆಲವು ಭೋಜನಶಾಲೆಗಳಲ್ಲಿ ಆತಿಥೇಯನ ಕೈಗೆ ಮಾತ್ರ ಬೆಲೆ ನಮೂದಿಸಿದ ಪಟ್ಟಿ ಬರುತ್ತದೆ. ಅತಿಥಿಗಳ ಪಟ್ಟಿಯಲ್ಲಿ ಬೆಲೆ ಇರುವುದಿಲ್ಲ. ತಮ್ಮ ಪಟ್ಟಿಯಲ್ಲಿ ಬೆಲೆ ಕಾಣದಿದ್ದರೆ ಗಾಬರಿಗೊಳ್ಳಬೇಕಾಗಿಲ್ಲ, ಹಣ ತೆರುವವರು ಬೇರೆಯವರು ಎಂದರ್ಥ.

ಬಿಲ್ಲನ್ನು ಓದುವ ಬಗೆ

ಫ್ರಾನ್ಸಿನಲ್ಲಿ ಭೋಜನಶಾಲೆಯ ಬೆಲೆಪಟ್ಟಿಯನ್ನು ಹೊರಗಡೆಯೂ ಪ್ರದರ್ಶಿಸಬೇಕು; ಅದರಲ್ಲಿ ನಮೂದಾದ ಬೆಲೆ ತೆರಿಗೆ ಹಾಗೂ ಸೇವಾ ಶುಲ್ಕ ಎರಡನ್ನೂ ಒಳಗೊಂಡಿರಬೇಕು. ಆದ್ದರಿಂದ ಪಟ್ಟಿಯಲ್ಲಿ 132 ಯೂರೋ ಎಂದಿದ್ದರೆ ಬಿಲ್ಲಿನಲ್ಲಿಯೂ 132 ಯೂರೋ. ಇನಾಮು ಕೊಡುವುದು ಸಂತೋಷಕ್ಕೆ ಬಿಟ್ಟದ್ದು, ಕಡ್ಡಾಯವಲ್ಲ. ನಮ್ಮಲ್ಲಿ ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಫ್ರೆಂಚರ ವಿಧಾನ ಬೇರೆ: ಶುಲ್ಕವನ್ನು ಬೆಲೆಯೊಳಗೇ ಅಡಗಿಸಿ ವಿವಾದಕ್ಕೆ ಎಡೆಯಿಲ್ಲದಂತೆ ಮಾಡಿದ್ದಾರೆ. ಊಟದೊಡನೆ ಬ್ರೆಡ್ ಮತ್ತು ಹೂಜಿಯ ನಲ್ಲಿ ನೀರಿಗೆ ಪ್ರತ್ಯೇಕ ಬೆಲೆಯಿಲ್ಲ. ಅದನ್ನು ಕೇಳುವುದು ಅಲ್ಲಿ ಯಾವ ವಿಧದಲ್ಲಿಯೂ ಅಗೌರವವಲ್ಲ.

ಅಲ್ಲಿನ ಮೌಲ್ಯವರ್ಧಿತ ತೆರಿಗೆಯ ದರ ಊಟಕ್ಕೆ ಶೇ. 10, ಮದ್ಯಕ್ಕೆ ಶೇ. 20. ಊಟದ ದರಕ್ಕೆ ಒಂದು ಇತಿಹಾಸವಿದೆ. 2009ರ ಜುಲೈನಲ್ಲಿ ಅದನ್ನು ಶೇ. 19.6ರಿಂದ 5.5ಕ್ಕೆ ಇಳಿಸಲಾಯಿತು. ಬೆಲೆ ಇಳಿಸುತ್ತೇವೆ, ನೌಕರಿ ಹೆಚ್ಚಿಸುತ್ತೇವೆ ಎಂದು ಉದ್ಯಮದವರು ವಚನವಿತ್ತಿದ್ದರೂ ಗಿರಾಕಿಗೆ ದೊರೆತ ಇಳಿಕೆ ಅಲ್ಪವೇ. ದರವು 2012ರಲ್ಲಿ ಶೇ. 7ಕ್ಕೆ, 2014ರಲ್ಲಿ ಶೇ. 10ಕ್ಕೆ ಏರಿತು. ನಮ್ಮಲ್ಲಿ 2017ರ ನವೆಂಬರ್‌ನಲ್ಲಿ ಹೋಟೆಲು ಊಟದ ಜಿಎಸ್‌ಟಿಯನ್ನು ಶೇ. 5ಕ್ಕೆ ಇಳಿಸುವಾಗ ಹೂಡುವಳಿ ತೆರಿಗೆಯ ಜಮೆಯನ್ನು ಹಿಂದೆಗೆದುಕೊಂಡದ್ದರ ಹಿಂದೆಯೂ, ಲಾಭ ಗಿರಾಕಿಗೆ ತಲುಪುತ್ತಿಲ್ಲ ಎಂಬ ಇಂತಹುದೇ ದೂರು ಇತ್ತು.

ವೆಚ್ಚದ ಒಳನೋಟ

ಈಗ ಆ 132 ಯೂರೋವನ್ನು ಬಿಡಿಸಿ ನೋಡೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ನಾನು ಕಲ್ಪಿಸಿಕೊಂಡವು; ಯಾವುದೇ ಸಂಸ್ಥೆಯ ಲೆಕ್ಕಪತ್ರದಿಂದ ತೆಗೆದವಲ್ಲ. ಶೇ. 10 ತೆರಿಗೆ ಬೆಲೆಯಲ್ಲಿಯೇ ಅಡಕವಾಗಿರುವುದರಿಂದ 1.10ರಿಂದ ಭಾಗಿಸಬೇಕು, ಮಾಲೀಕನಿಗೆ ಉಳಿಯುವುದು 120 ಯೂರೋ. (ನೇರವಾಗಿ ಶೇ. 10 ಕಳೆದರೆ 118.80 ಬರುತ್ತದೆ, ಅದು ತಪ್ಪು. ನಮ್ಮಲ್ಲಿಯೂ ತೆರಿಗೆ ಸಹಿತ ಬೆಲೆಯ ಲೆಕ್ಕದಲ್ಲಿ ಈ ತಪ್ಪು ಪದೇ ಪದೇ ಕಣ್ಣಿಗೆ ಬೀಳುತ್ತದೆ.) ಕಚ್ಚಾ ಸಾಮಗ್ರಿಯು ಮಾರಾಟ ಬೆಲೆಯ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕೆಂಬುದು ಈ ಉದ್ಯಮದ ರೂಢಿಯ ಅಳತೆಗೋಲು. ಅದರಂತೆ ಸಾಮಗ್ರಿಗೆ 40 ಯೂರೋ ಹೋದರೆ, ಸ್ಥಿರ ವೆಚ್ಚ ಭರಿಸಲು ಒಬ್ಬ ಗಿರಾಕಿಯಿಂದ ಉಳಿಯುವುದು 80 ಯೂರೋ.

ಭೋಜನಶಾಲೆಯಲ್ಲಿ 40 ಆಸನಗಳಿವೆ, ಸಂಜೆಗೆ ಒಂದೇ ಪಂಕ್ತಿ ಎಂದಿಟ್ಟುಕೊಳ್ಳೋಣ. ಸಂಬಳ, ಬಾಡಿಗೆ, ಬಡ್ಡಿ ಸೇರಿ ಆ ಸಂಜೆಯ ಸ್ಥಿರ ವೆಚ್ಚ 2,560 ಯೂರೋ ಆದರೆ, 32 ಗಿರಾಕಿಗಳು ಬರುವವರೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಭವೆಲ್ಲ ಕೊನೆಯ ಎಂಟು ಆಸನಗಳಿಂದ: 640 ಯೂರೋ. ಈಗ ನಾಲ್ವರ ಒಂದು ಮೇಜು ಕಾಯ್ದಿರಿಸಿದವರು ಹೇಳದೆ ಕೇಳದೆ ಬಾರದೆ ಹೋದರೆನ್ನಿ. ಅವರಿಂದ ಬರಬೇಕಾಗಿದ್ದ 320 ಯೂರೋ ಹೋಯಿತು. ಅವರಿಗೆಂದು ತಂದ ಮೀನು, ಮಾಂಸ ಮರುದಿನಕ್ಕೆ ಬಾರದು. 160 ಯೂರೋ ವ್ಯರ್ಥ. ಉಳಿದ ಲಾಭ 160 ಯೂರೋ ಮಾತ್ರ. ಹತ್ತರಲ್ಲಿ ಒಂದು ಮೇಜು ಖಾಲಿಯಾದದ್ದಕ್ಕೆ ಲಾಭದ ಮುಕ್ಕಾಲು ಪಾಲು ಕರಗಿತು.

ಕಾಯ್ದಿರಿಸುವಾಗ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನೋ ಮುಂಗಡವನ್ನೋ ಕೇಳುವುದನ್ನು ದರ್ಪವೆಂದು ನಮ್ಮವರು ಭಾವಿಸುವುದುಂಟು. ಮೇಲಿನ ಲೆಕ್ಕ ನೋಡಿದ ಮೇಲೆ ಹಾಗೆನಿಸದು. ಇಂದು ಮಾರಾಟವಾಗದ ಆಸನವನ್ನು ನಾಳೆ ಮಾರಲಾಗದು. ಬಳಕೆಯಾಗದ ಯಂತ್ರದ ಗಂಟೆಯೂ ಹಾಗೆಯೇ. ಆದರೂ ಹೇಳಿ ಮಾಡಿಸಿದ ಮಾಲಿಗೆ ಮುಂಗಡ ಕೇಳಲು ನಮ್ಮ ಸಣ್ಣ ತಯಾರಕರಲ್ಲಿ ಎಷ್ಟೋ ಜನ ಸಂಕೋಚಪಡುತ್ತಾರೆ.

ನಿಗದಿತ ಸರಣಿಯ ಊಟವೂ ಇದೇ ಲೆಕ್ಕದ ಶಿಶು. ಕಾರ್ತ್‌ನಲ್ಲಿ ಮೂವತ್ತು ಪದಾರ್ಥಗಳಿದ್ದರೆ ಯಾರು ಏನು ಕೇಳುವರೋ ತಿಳಿಯದು. ಮೂವತ್ತಕ್ಕೂ ದಾಸ್ತಾನು ಬೇಕು. ಸರಣಿ ಒಂದೇ ಆದಾಗ ಇಂದು ಎಷ್ಟು ಮೀನು ಬೇಕೆಂಬುದು ಬೆಳಿಗ್ಗೆಯೇ ಖಚಿತ. ವ್ಯರ್ಥವಾಗುವ ಪ್ರಮಾಣ ಇಳಿಯುತ್ತದೆ, ಕೈಕೆಲಸ ಸರಾಗವಾಗುತ್ತದೆ. ಗಿರಾಕಿ ಅದನ್ನು ಬಾಣಸಿಗನ ಕಲೆಯೆಂದು ಮೆಚ್ಚುತ್ತಾನೆ. ಅದು ಕಲೆಯೂ ಹೌದು, ದಾಸ್ತಾನು ನಿಯಂತ್ರಣವೂ ಹೌದು. ಮಧ್ಯಾಹ್ನದ ಮೆನು ರಾತ್ರಿಯದಕ್ಕಿಂತ ಬಹಳ ಅಗ್ಗವಾಗಿರುವುದಕ್ಕೂ ಕಾರಣವಿದೆ. ಬಾಡಿಗೆ, ಬಡ್ಡಿ ಹೇಗೂ ಓಡುತ್ತಿರುತ್ತವೆ. ಸಾಮಗ್ರಿಯ ಬೆಲೆಗಿಂತ ಮೇಲೆ ಬಂದಷ್ಟು ಒಳಿತು. ಆತಿಥ್ಯ ನೀಡಬೇಕಾದ ನಮ್ಮ ಉದ್ಯಮಿಗಳು ಮಧ್ಯಾಹ್ನವನ್ನೇ ಆರಿಸಿಕೊಳ್ಳುವುದು ಜಾಣತನ.

ನಕ್ಷತ್ರದ ಬೆಲೆ

ಮಿಷೆಲಿನ್ ಎಂಬ ಟೈರು ಕಂಪನಿಯು ವಾಹನ ಸವಾರರಿಗಾಗಿ 1900ರಲ್ಲಿ ಹೊರತಂದ ಕೈಪಿಡಿಯೇ ಇಂದಿನ ಮಿಷೆಲಿನ್ ಗೈಡ್. ಭೋಜನಶಾಲೆಗಳಿಗೆ ನಕ್ಷತ್ರ ನೀಡುವ ಪದ್ಧತಿ 1926ರಲ್ಲಿ ಆರಂಭವಾಯಿತು. ಮೂರು ನಕ್ಷತ್ರಗಳ ಶ್ರೇಣಿ ಬಂದದ್ದು 1931ರಲ್ಲಿ. ನಕ್ಷತ್ರವನ್ನು ತಟ್ಟೆಯಲ್ಲಿರುವುದಕ್ಕೆ ಮಾತ್ರ ಕೊಡುತ್ತೇವೆ, ಪೀಠೋಪಕರಣಕ್ಕಲ್ಲ ಎಂದು ಗೈಡ್‌ನವರೇ ಹೇಳುತ್ತಾರೆ. ಆದಾಗ್ಯೂ ಮೂರನೆಯ ನಕ್ಷತ್ರದ ಆಸೆಯಿಂದ ಸಾಲ ಮಾಡಿ ಕಟ್ಟಡವನ್ನು ಅಲಂಕರಿಸಿದ ಬಾಣಸಿಗರು ಕಡಿಮೆಯೇನಿಲ್ಲ.

ಪಿಯೇರ್ ಗಾನ್ಯೇರ್ ಅವರ ಪ್ರಕರಣ ಅಧ್ಯಯನಯೋಗ್ಯ. ಇವರ ಭೋಜನಶಾಲೆ ಇದ್ದದ್ದು ಸೇಂಟ್ ಎತಿಯೆನ್‌ನಲ್ಲಿ. ಒಂದು ಕಾಲಕ್ಕೆ ಕಲ್ಲಿದ್ದಲು, ಸೈಕಲ್ಲು, ಬಂದೂಕುಗಳ ತಯಾರಿಕೆಗೆ ಹೆಸರಾಗಿದ್ದ ಆ ಊರು ಅಷ್ಟರಲ್ಲಿ ಕಾರ್ಖಾನೆಗಳು ಮುಚ್ಚಿ ಸೊರಗಿತ್ತು. 1993ರಲ್ಲಿ ಮೂರನೆಯ ನಕ್ಷತ್ರ ದೊರೆಯಿತು. 1996ರಲ್ಲಿ ಸಂಸ್ಥೆ ದಿವಾಳಿಯಾಗಿ ಬಾಗಿಲು ಮುಚ್ಚಿತು. ಅದೇ ವರ್ಷ ಅವರು ಪ್ಯಾರಿಸ್‌ನಲ್ಲಿ ಹೊಸದಾಗಿ ಆರಂಭಿಸಿ 1998ರಲ್ಲಿ ಮತ್ತೆ ಮೂರು ನಕ್ಷತ್ರ ಪಡೆದರು. ಕೈ ಅದೇ, ಕೌಶಲ ಅದೇ. ಅದಕ್ಕೆ ಬೆಲೆ ತೆರುವ ಜನ ಇದ್ದ ಊರು ಮಾತ್ರ ಬೇರೆ.

ಬರ್ಗಂಡಿ ಪ್ರಾಂತ್ಯದ ಸೋಲ್ಯೂ ಎಂಬ ಚಿಕ್ಕ ಊರಿನ ಬರ್ನಾರ್ ಲ್ವಾಜೋ ಹೆಚ್ಚಿನ ಸಾಲದಿಂದ ತಮ್ಮ ಹಳೆಯ ವಸತಿಗೃಹವನ್ನು ನವೀಕರಿಸಿ 1991ರಲ್ಲಿ ಮೂರನೆಯ ನಕ್ಷತ್ರ ಗಳಿಸಿದರು. 1998ರಲ್ಲಿ ಕಂಪನಿಯ ಷೇರುಗಳನ್ನು ಪ್ಯಾರಿಸ್ ಷೇರುಪೇಟೆಯಲ್ಲಿ ನೋಂದಾಯಿಸಿದರು. ಬಾಣಸಿಗರ ಲೋಕದಲ್ಲಿ ಅದು ಹೊಸ ಸಂಗತಿ. 2003ರ ಆರಂಭದಲ್ಲಿ ಗೋ ಮಿಯೋ ಎಂಬ ಇನ್ನೊಂದು ಕೈಪಿಡಿ ಅವರ ಅಂಕವನ್ನು ಇಪ್ಪತ್ತಕ್ಕೆ 19ರಿಂದ 17ಕ್ಕೆ ಇಳಿಸಿತು. ನಕ್ಷತ್ರವೂ ಹೋಗಲಿದೆಯೆಂಬ ವದಂತಿ ಹಬ್ಬಿತು. ಆ ಫೆಬ್ರವರಿಯಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮನುಷ್ಯನ ಸಂಕಟಕ್ಕೆ ಲೆಕ್ಕಪುಸ್ತಕದಿಂದ ಕಾರಣ ತೆಗೆಯುವ ಧೈರ್ಯ ನನಗಿಲ್ಲ. ವದಂತಿಯಾದರೋ ಸುಳ್ಳಾಯಿತು, ಆ ಮನೆಯ ಮೂರು ನಕ್ಷತ್ರಗಳು 2016ರವರೆಗೂ ಉಳಿದಿದ್ದವು.

ಇನ್ನೊಬ್ಬರ ಮೆಚ್ಚುಗೆಯ ಮೇಲೆ ನಿಂತ ಮಾರಾಟವನ್ನು ನಂಬಿ ದೀರ್ಘಾವಧಿಯ ಸಾಲ ಎತ್ತಿದಾಗ, ಮೆಚ್ಚುಗೆ ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ಬರುತ್ತದೆ. ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಒಬ್ಬನೇ ದೊಡ್ಡ ಖರೀದಿದಾರನ ಅನುಮೋದನೆಯನ್ನು ನೆಚ್ಚಿ ಯಂತ್ರ ಖರೀದಿಸಿದ ಘಟಕಗಳ ಯೋಜನಾ ವರದಿಗಳನ್ನು ನೋಡುವಾಗ ಇದು ನೆನಪಾಗುತ್ತದೆ.

ಸರಳಗೊಳಿಸಿದವರು

ಈ ಹೊರೆಯನ್ನು ಇಳಿಸಿಕೊಂಡವರೂ ಇದ್ದಾರೆ. ಈವ್ ಕಾಂಡಬೋರ್ಡ್ ದೊಡ್ಡ ಹೋಟೆಲಿನಲ್ಲಿ ಪಳಗಿ, 1992ರಲ್ಲಿ ಪ್ಯಾರಿಸ್ಸಿನ ಅಂಚಿನ ಬಾಡಿಗೆ ಕಡಿಮೆಯ ಬಡಾವಣೆಯಲ್ಲಿ ಲಾ ರೆಗಲಾದ್ ತೆರೆದರು. ಥಳಕುಬಳುಕು ಇಲ್ಲ, ಒಂದೇ ನಿಗದಿತ ಬೆಲೆ. ಈ ಬಗೆಗೆ ಮುಂದೆ 'ಬಿಸ್ತ್ರೊನೊಮಿ' ಎಂಬ ಹೆಸರೇ ಬಂತು. ಜೊಯೆಲ್ ರೊಬುಶೋನ್ 2003ರಲ್ಲಿ ತೆರೆದ ಲಾತೆಲಿಯೇಯಲ್ಲಿ ಗಿರಾಕಿಗಳು ಅಡುಗೆಮನೆಯ ಸುತ್ತಲಿನ ಕಟ್ಟೆಯೆದುರು ಎತ್ತರದ ಆಸನಗಳ ಮೇಲೆ ಕುಳಿತರು. ಲೂಕಾ ಕಾರ್ತೋಂನ ಅಲೇನ್ ಸಾಂದ್ರಾನ್ಸ್ 28 ವರ್ಷ ಮೂರು ನಕ್ಷತ್ರ ಹೊಂದಿದ್ದವರು. 2005ರಲ್ಲಿ ತಮಗೆ ನಕ್ಷತ್ರಗಳೇ ಬೇಡವೆಂದು ಘೋಷಿಸಿ, ಮೇಜುಬಟ್ಟೆಯ ಆಡಂಬರ ತೆಗೆದು, ದುಬಾರಿ ಸಾಮಗ್ರಿ ಕಡಿಮೆ ಮಾಡಿ, ಹಿಂದಿನ ಬೆಲೆಯ ಒಂದು ಅಂಶಕ್ಕೆ ಊಟ ನೀಡತೊಡಗಿದರು.

ಸಾಮಗ್ರಿಯನ್ನೇ ಬದಲಿಸಿದವರು ಅಲೇನ್ ಪಸ್ಸಾರ್. ಇವರ ಲಾರ್ಪೇಜ್‌ಗೆ 1996ರಲ್ಲಿ ಮೂರನೆಯ ನಕ್ಷತ್ರ ಬಂದಿತ್ತು; ಮಾಂಸದ ಹದಕ್ಕೇ ಹೆಸರಾಗಿದ್ದವರು. 2001ರಲ್ಲಿ ಕೆಂಪು ಮಾಂಸವನ್ನು ಕೈಬಿಟ್ಟು ತರಕಾರಿಯನ್ನು ಮುಂದಿಟ್ಟರು, ಮರುವರ್ಷದಿಂದ ಸ್ವಂತ ತೋಟಗಳಲ್ಲಿ ಬೆಳೆಯತೊಡಗಿದರು. ನಕ್ಷತ್ರಗಳು ಉಳಿದವು. 2025ರ ಜುಲೈನಿಂದ ಜೇನುತುಪ್ಪವೊಂದನ್ನು ಬಿಟ್ಟು ಪೂರ್ಣ ಸಸ್ಯಜನ್ಯ ಆಹಾರಕ್ಕೆ ಬದಲಾದರು. ತರಕಾರಿಯಾದ್ದರಿಂದ ಬಿಲ್ಲು ಅಗ್ಗವಾಯಿತೆಂದು ಭಾವಿಸಬೇಡಿ. ಅದು ಈಗಲೂ ಪ್ಯಾರಿಸ್ಸಿನ ಅತಿ ದುಬಾರಿ ಊಟಗಳಲ್ಲೊಂದು. ಮೊದಲೇ ಹೇಳಿದಂತೆ ಬೆಲೆಯ ದೊಡ್ಡ ಪಾಲು ಸಾಮಗ್ರಿಗಲ್ಲ, ಕೈಗಳಿಗೆ.

ಸಸ್ಯಾಹಾರಿ ಸದಸ್ಯರು ಇತರ ಭೋಜನಶಾಲೆಗಳಿಗೆ ಹೋಗುವುದಾದರೆ ಕಾಯ್ದಿರಿಸುವಾಗಲೇ ತಿಳಿಸಬೇಕು. ಮೇಜಿನಲ್ಲಿ ಕುಳಿತ ಮೇಲೆ ಹೇಳಿದರೆ ಬೆಳಿಗ್ಗೆಯ ಖರೀದಿ ಮುಗಿದಿರುತ್ತದೆ. 'ಸಸ್ಯಾಹಾರಿ' ಎಂಬ ಒಂದು ಪದ ಸಾಲದು. ಮಾಂಸದ ಕಟ್ಟು, ಮೀನಿನ ಕಟ್ಟು, ಜೆಲಟಿನ್, ಮೊಟ್ಟೆ ಇವುಗಳಲ್ಲಿ ಯಾವುದು ವರ್ಜ್ಯವೆಂದು ಬಿಡಿಸಿ ಬರೆಯುವುದು ಉತ್ತಮ. ಊಟ ವ್ಯವಹಾರಕ್ಕೆ ಸಂಬಂಧಿಸಿದ್ದಾದಲ್ಲಿ ಬಿಲ್ಲನ್ನು ಕಂಪನಿಯ ಹೆಸರಿನಲ್ಲಿಯೇ ಕೇಳಿ ಪಡೆದು, ಅದರ ಬೆನ್ನಿಗೆ ಅತಿಥಿಗಳ ಹೆಸರು, ಅವರ ಸಂಸ್ಥೆ ಹಾಗೂ ಚರ್ಚಿಸಿದ ವಿಷಯವನ್ನು ಅದೇ ರಾತ್ರಿ ಬರೆದಿಡತಕ್ಕದ್ದು.