ದವಡೆಗೊಂದು ಅಕ್ರಿಲಿಕ್ ತಟ್ಟೆ

ನಿದ್ದೆಯಲ್ಲಿ ಹಲ್ಲು ಕಡಿಯುವವರ ಹೊಟ್ಟೆಯಲ್ಲಿ ಜಂತುಹುಳು ಇರುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಬಾಯಿಪಾಠವಾದ ರೋಗನಿರ್ಣಯ. ನಲವತ್ತು ದಾಟಿದ ನನಗೂ ಮನೆಯವರು ಮೊದಲು ನುಂಗಿಸಿದ್ದು ಹುಳುವಿನ ಮಾತ್ರೆಯನ್ನೇ. ಹಲ್ಲು ಕಡಿಯುವುದು ನಿಲ್ಲಲಿಲ್ಲ, ಜೊತೆಗೆ ಕಿವಿನೋವು ಶುರುವಾಯಿತು. ಇಎನ್‌ಟಿ ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ, ಮುಚ್ಚಿಸಿ, 'ಕಿವಿ ಚೆನ್ನಾಗಿದೆ, ಇದು ಪಕ್ಕದ ಮನೆ ಜಗಳ' ಎಂದು ನಕ್ಕು ದಂತವೈದ್ಯರ ಕಡೆ ಕಳಿಸಿದರು.

ಕಿವಿಯದೋ ದವಡೆಯದೋ ಎಂಬ ಈ ಗೊಂದಲ ಹೊಸದೇನಲ್ಲ. 1934ರಲ್ಲಿ ಕಿವಿನೋವು, ತಲೆನೋವುಗಳನ್ನು ದವಡೆಯ ಕೀಲಿಗೆ ಗಂಟು ಹಾಕಿ ಬರೆದ ಜೇಮ್ಸ್ ಕಾಸ್ಟನ್ ಕೂಡ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯರೇ. ಹಿಂಬದಿಯ ಹಲ್ಲು ಹೋಗಿ ಬೈಟ್, ಅಂದರೆ ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿ, ಕುಸಿಯುವುದೇ ಇದಕ್ಕೆಲ್ಲ ಮೂಲ ಎಂದು ಅವರು ವಾದಿಸಿದರು. ಆ ವಾದ ಉಳಿಯಲಿಲ್ಲ. ಆದರೆ ಹಲ್ಲುಗಳ ನಡುವೆ ಏನನ್ನಾದರೂ ತೂರಿಸಿದರೆ ದವಡೆ ಸರಿಹೋಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ.

ಕೀಲಿನೊಳಗೆ ಸಣ್ಣದೊಂದು ಡಿಸ್ಕ್ ಇದೆ. ಅದು ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಬಂದು ಕೂರುವ ಸದ್ದೇ ನನ್ನ ದವಡೆಯಲ್ಲೂ ಕೇಳುವ 'ಟಕ್'. ನೋವಿಲ್ಲದೆ ಬರೀ ಟಕ್ ಎನ್ನುವ ದವಡೆಯನ್ನು ಅದರ ಪಾಡಿಗೆ ಬಿಡುವುದೇ ಸರಿ. ನನ್ನ ದಂತವೈದ್ಯೆ ಕೆನ್ನೆಯ ಮಾಸೆಟರ್ ಸ್ನಾಯುವನ್ನು ಒತ್ತಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ, ಕೀಲನ್ನು ಒತ್ತಿದಾಗ ಸುಮ್ಮನಿದ್ದೆ. ನೋವು ಹೆಚ್ಚಾಗಿ ಸ್ನಾಯುವಿನದು, ಸವೆತ ಹಲ್ಲಿನದು, ಸದ್ದು ಮಾತ್ರ ಕೀಲಿನದು ಎಂದು ಬೇರ್ಪಡಿಸಿ ಹೇಳಿದರು. ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ಯಾವ ಗಾರ್ಡ್ ಎಂಬ ಮಾತು ಬರಬೇಕಾದದ್ದು ಇಷ್ಟಾದ ಮೇಲೆ. ಬಹಳ ಕಡೆ ಅಚ್ಚಿನ ಟ್ರೇ ಮೊದಲೇ ಬಾಯಿಗೆ ಬಂದಿರುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ ಗಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೈಟ್‌ಗೆ ತಕ್ಕಂತೆ ಅದನ್ನು ಉಜ್ಜಿ ಹೊಂದಿಸಲು ಬರುವುದಿಲ್ಲ, ಅಷ್ಟೇ. ಅಳತೆ ತೆಗೆದು ಮಾಡುವ ಮೆತ್ತನೆಯ ಗಾರ್ಡ್ ಅಗ್ಗ, ಬೇಗ ಕೈಗೆ ಸಿಗುತ್ತದೆ, ಮೊದಲ ರಾತ್ರಿಯೇ ಒಗ್ಗುತ್ತದೆ. ನನಗೆ ಮೊದಲು ಕೊಟ್ಟದ್ದು ಅದೇ. ನನ್ನ ದವಡೆಗೆ ಅದು ಅಗಿಯಲು ಸಿಕ್ಕ ತಿಂಡಿಯಾಯಿತು: ಬೆಳಿಗ್ಗೆ ಕೆನ್ನೆ ಇನ್ನಷ್ಟು ಬಿಗಿ, ಗಾರ್ಡಿನ ಹಿಂಭಾಗದಲ್ಲಿ ಗುಳಿ. ಎಲ್ಲರಿಗೂ ಹೀಗಾಗುತ್ತದೆಂದಲ್ಲ. ನನ್ನ ಸಹೋದ್ಯೋಗಿಯೊಬ್ಬರು ಅಂಥದ್ದನ್ನೇ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಾರೆ.

ಆಮೇಲೆ ಬಂದದ್ದು ಗಟ್ಟಿ ಅಕ್ರಿಲಿಕ್‌ನದು, ಮಿಷಿಗನ್ ಸ್ಪ್ಲಿಂಟ್ ಎಂದು ಕರೆಯುವ ಬಗೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರಾಮ್‌ಫಿಯೋರ್ಡ್ ಮತ್ತು ಆಶ್ ರೂಪಿಸಿದ್ದು. ಮೇಲಿನ ಎಲ್ಲ ಹಲ್ಲನ್ನೂ ಮುಚ್ಚುತ್ತದೆ, ಮೈ ಸಪಾಟು. ಕೆಳಗಿನ ಹಲ್ಲುಗಳು ಅದಕ್ಕೆ ಒಂದೇ ಸಮನಾಗಿ ತಾಗಬೇಕು. ದವಡೆ ಪಕ್ಕಕ್ಕೆ ಜಾರಿದಾಗ ಕೋರೆಹಲ್ಲಿನ ಹತ್ತಿರದ ಸಣ್ಣ ಇಳಿಜಾರು ಭಾರ ಹೊತ್ತು, ಹಿಂದಿನ ಹಲ್ಲುಗಳನ್ನು ಬಿಡಿಸಬೇಕು.

ಇದು ಲ್ಯಾಬಿನಿಂದ ಬಂದ ಕೂಡಲೇ ಮುಗಿಯುವ ಕೆಲಸವಲ್ಲ. ವೈದ್ಯೆ ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು 'ಟಕ್ ಟಕ್ ಕಚ್ಚಿ' ಅಂದರು, ಕೆಂಪು ಕಾಗದ ಇಟ್ಟು 'ಆ ಕಡೆ ಈ ಕಡೆ ಉಜ್ಜಿ' ಅಂದರು. ಎಡಗಡೆ ಕಡುನೀಲಿ ಚುಕ್ಕೆಗಳ ಸಾಲು, ಬಲಗಡೆ ಒಂದೋ ಎರಡೋ. ಎಡಗಡೆ ಬರ್ ಆಡಿಸಿದರು, ಬಿಳಿ ಪುಡಿ ಹಾರಿತು, ಮತ್ತೆ ಕಾಗದ. ಎರಡೂ ಕಡೆ ಚುಕ್ಕೆ ಸಮನಾಗುವವರೆಗೆ ಬಿಡಲಿಲ್ಲ. ಸ್ನಾಯು ಸಡಿಲವಾದಂತೆ ದವಡೆ ಕೂರುವ ರೀತಿ ಬದಲಾಗುತ್ತದೆ, ಅದಕ್ಕೇ ಮತ್ತೆ ಕರೆದು ಮತ್ತೆ ಉಜ್ಜಿದರು. ಯಾರಾದರೂ ನನ್ನನ್ನು ಕೇಳಿದರೆ, ಯಾವ ಮೆಟೀರಿಯಲ್ ಎನ್ನುವುದಕ್ಕಿಂತ ಮೊದಲು ಇದನ್ನು ವಿಚಾರಿಸಿ ಎನ್ನುತ್ತೇನೆ: ಕೊಟ್ಟ ಮೇಲೆ ಹೊಂದಿಸಲು ಕರೆಯುತ್ತೀರಾ, ಅದರ ಖರ್ಚು ಇದರಲ್ಲೇ ಸೇರಿದೆಯಾ? 'ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ' ಎಂದು ಡಬ್ಬಿ ಕೈಗಿಟ್ಟರೆ ಅನುಮಾನಿಸಿ.

ಎರಡು ಬಗೆಯ ಸ್ಪ್ಲಿಂಟ್ ಬಗ್ಗೆ ನನಗೆ ಅಂಜಿಕೆಯಿದೆ. ಒಂದು, ಮುಂದಿನ ಕೆಲವೇ ಹಲ್ಲುಗಳಿಗೆ ಕೂರುವಂಥದ್ದು. ನಿಗಾ ಇಲ್ಲದೆ ಬಹುಕಾಲ ಹಾಕಿದರೆ ಹಿಂದಿನ ಹಲ್ಲುಗಳು ಮೇಲೇಳಬಹುದು, ಆಮೇಲೆ ಮುಂದಿನ ಹಲ್ಲು ಕೂಡುವುದೇ ಇಲ್ಲ. ಇನ್ನೊಂದು, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವಂಥದ್ದು. ಹಗಲೂ ರಾತ್ರಿ ಹಾಕಿದರೆ ಬೈಟ್ ಶಾಶ್ವತವಾಗಿ ಬದಲಾಗುವ ಅಪಾಯವಿದೆ. ತೊಟ್ಟು ತೆಗೆದರೆ ಬಾಯಿ ಮೊದಲಿನಂತಾಗಬೇಕು ಎಂಬುದು ನನ್ನ ಹಟ. ಜೋರಾಗಿ ಗೊರಕೆ ಹೊಡೆಯುವವರು, ಹಗಲಲ್ಲಿ ತೂಕಡಿಸುವವರು ಸ್ಲೀಪ್ ಆಪ್ನಿಯಾ ಇದೆಯೇ ಎಂದು ಮೊದಲು ತೋರಿಸಿಕೊಳ್ಳಲಿ. ಮೇಲಿನ ದವಡೆಯ ತಟ್ಟೆ ಕೆಲವರಲ್ಲಿ ಅದನ್ನು ಹೆಚ್ಚಿಸಬಹುದು.

ಇಷ್ಟಾಗಿ ತಟ್ಟೆ ನನಗೆ ಮಾಡಿದ್ದೇನು? ಹಲ್ಲು ಉಳಿಸಿದೆ. ನನ್ನ ಹಲ್ಲಿಗೆ ಬೀಳಬೇಕಿದ್ದ ಗೀರುಗಳೆಲ್ಲ ಈಗ ಅಕ್ರಿಲಿಕ್ ಮೇಲೆ ಕಾಣುತ್ತವೆ, ಅಂದರೆ ಕಡಿಯುವುದು ನಿಂತಿಲ್ಲ. ಟಕ್ ಹಾಗೇ ಇದೆ. ನೋವು ಇಳಿದಿದೆ, ಆದರೆ ಅದರ ಶ್ರೇಯಸ್ಸನ್ನು ತಟ್ಟೆಗೆ ಕೊಡಲು ನನಗೆ ಮನಸ್ಸಿಲ್ಲ. 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ದೀರ್ಘಕಾಲದ ದವಡೆ ನೋವಿಗೆ ಒತ್ತಿ ಹೇಳಿದ್ದು ತಜ್ಞರ ನಿಗಾದಲ್ಲಿ ಮಾಡುವ ದವಡೆ ವ್ಯಾಯಾಮ, ಸ್ನಾಯುವಿನ ಕೈಚಿಕಿತ್ಸೆ, ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಇಂಥವನ್ನು. ಸಾಮಾನ್ಯ ಸ್ಪ್ಲಿಂಟ್‌ಗೆ ಅದು ಮೆಲುದನಿಯಲ್ಲಿ ಬೇಡ ಎಂದಿದೆ, ಬೈಟ್ ಬದಲಿಸುವಂಥದ್ದಕ್ಕೆ ಖಡಾಖಂಡಿತವಾಗಿ. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ ಮತ್ತು ಹಗಲಿನ ಕಾವಲು. ಟ್ರಾಫಿಕ್ಕಿನಲ್ಲಿ, ಕಂಪ್ಯೂಟರ್ ಮುಂದೆ ಹಲ್ಲುಗಳು ಗೊತ್ತಿಲ್ಲದೆ ಕಚ್ಚಿಕೊಂಡಿರುತ್ತವೆ. ತುಟಿ ಮುಚ್ಚಿ, ಹಲ್ಲು ಬಿಡಿಸಿ ಎಂದು ಮಾನಿಟರಿಗೆ ಚೀಟಿ ಅಂಟಿಸಿದ್ದೇನೆ. ನೋವು ಕೆರಳಿದ ವಾರ ಖಡಕ್ ರೊಟ್ಟಿ, ಚಕ್ಕುಲಿ ಬಂದ್. ಸಂಕ್ರಾಂತಿಯ ಕಬ್ಬನ್ನು ಜಗಿಯುವ ಬದಲು ಹಾಲು ಮಾಡಿಸಿ ಕುಡಿಯುತ್ತೇನೆ.

ತಟ್ಟೆಯನ್ನು ತಣ್ಣೀರಿನಲ್ಲಿ ಮೆತ್ತನೆ ಬ್ರಶ್ಶಿನಿಂದ ತೊಳೆಯಬೇಕು, ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ. ಬಾಗಿಲಿಲ್ಲದ ಕಪಾಟಿನಲ್ಲಿಡಬೇಡಿ, ನಾಯಿಗಳಿಗೆ ಅದರ ವಾಸನೆ ಬಲು ಇಷ್ಟ. ಹೊಸ ಕ್ಯಾಪ್, ಫಿಲ್ಲಿಂಗ್ ಏನಾದರೂ ಹಾಕಿಸಿದರೆ ತಟ್ಟೆ ಸರಿಯಾಗಿ ಕೂರದಿರಬಹುದು. ಮುಂದಿನ ವಾರ ನನ್ನ ದವಡೆಹಲ್ಲೊಂದಕ್ಕೆ ಕ್ಯಾಪ್ ಬೀಳಲಿದೆ, ತಟ್ಟೆಯನ್ನೂ ಜೊತೆಗೆ ತನ್ನಿ ಎಂದಿದ್ದಾರೆ.