ಪಶು ಆಹಾರ ಸಂಶೋಧನೆ: ಪ್ರಶ್ನೆ ಚಿಕ್ಕದಿರಲಿ, ತೂಕ ಸರಿಯಿರಲಿ

ಐದೂವರೆ ವರ್ಷದ ಬಿ.ವಿ.ಎಸ್ಸಿ. ಮುಗಿಸಿ ಎಂ.ವಿ.ಎಸ್ಸಿ.ಗೆ ಸೇರಿದವರಿಗೆ ಸಿಗುವುದು ಎರಡು ವರ್ಷ. ಮೊದಲ ವರ್ಷದ ಬಹುಪಾಲು ತರಗತಿ, ಪರೀಕ್ಷೆಗಳಲ್ಲೇ ಹೋಗುತ್ತದೆ. ಉಳಿದ ಅವಧಿಯಲ್ಲಿ ಪ್ರಯೋಗ ನಡೆಸಬೇಕು, ಮಾದರಿಗಳ ವಿಶ್ಲೇಷಣೆ ಮಾಡಬೇಕು, ಥೀಸಿಸ್ ಬರೆದು ಒಪ್ಪಿಸಬೇಕು. ಇಷ್ಟು ಕಡಿಮೆ ಸಮಯದಲ್ಲಿ ದೊಡ್ಡ ಪ್ರಶ್ನೆ ಎತ್ತಿಕೊಂಡವರ ಕೈಗೆ ಕೊನೆಗೆ ಅರೆಬರೆ ಉತ್ತರವೇ ಸಿಗುತ್ತದೆ. ಚಿಕ್ಕ ಪ್ರಶ್ನೆ ಹಿಡಿದು ನಂಬಬಹುದಾದ ಉತ್ತರ ಕೊಟ್ಟವರ ಕೆಲಸವನ್ನು ಮುಂದಿನವರೂ ಬಳಸುತ್ತಾರೆ, ರೈತರೂ ಬಳಸುತ್ತಾರೆ. ಪಶುಗಳ ಆಹಾರ ಮತ್ತು ಆರೋಗ್ಯದ ಮೇಲೆ ಸಂಶೋಧನೆ ಮಾಡಹೊರಟವರು ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಹುಷಾರಾಗಿರಬೇಕು ಎಂಬುದನ್ನು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ.

ಪ್ರಶ್ನೆ ಕೊಟ್ಟಿಗೆಯಿಂದ ಬರಲಿ

ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಎಳೆ ಕಡ್ಡಿಗಳನ್ನು ದನ–ಕುರಿಗಳಿಗೆ ಹಾಕುವುದು ರೂಢಿ. ಹಿಪ್ಪುನೇರಳೆ ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿಯೇ ಇರುತ್ತದೆ. ಹಿಂಡಿ, ಬೂಸಾ ಬೆಲೆ ಏರುತ್ತಿರುವಾಗ ಹಿಂಡಿಯ ಒಂದು ಪಾಲನ್ನು ಈ ಉಳಿಕೆ ಸೊಪ್ಪಿನಿಂದ ತುಂಬಬಹುದೇ ಎಂದು ಕೇಳುವುದು ಸಹಜ. ಎಂ.ವಿ.ಎಸ್ಸಿ. ಅವಧಿಗೆ ಹೊಂದುವ ಪ್ರಶ್ನೆ ಇದು.

ಆದರೆ ಪ್ರಶ್ನೆಯನ್ನು ಕಾಗದಕ್ಕೆ ಇಳಿಸುವ ಮೊದಲು ಒಂದೆರಡು ಹುಳುಮನೆಗಳಿಗೆ ಹೋಗಿ ನಿಂತು ನೋಡಬೇಕು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊನೆಯ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದ ಮೇಲಿನ ಒಂದು ವಾರದಲ್ಲೇ ಖರ್ಚಾಗುತ್ತದೆ. ಅಂದರೆ ಉಳಿಕೆ ಸೊಪ್ಪೂ ಆ ವಾರ ರಾಶಿ ಬೀಳುತ್ತದೆ, ಉಳಿದ ದಿನಗಳಲ್ಲಿ ಸಿಗುವುದು ಅಷ್ಟಕ್ಕಷ್ಟೇ. ಹಾಗಾದರೆ ಒಣಗಿಸಿ ಇಡಬೇಕಾಗುತ್ತದೆ, ಒಣಗಿಸಿದ್ದನ್ನೇ ತಿನ್ನಿಸಿ ನೋಡಬೇಕಾಗುತ್ತದೆ. ಜೊತೆಗೆ ಹುಳುವಿನ ಹಾಸಿಗೆಯ ಮೇಲೆ ಸುಣ್ಣ, ಸೋಂಕುನಾಶಕ ಪುಡಿ ಉದುರಿಸಿರುತ್ತಾರೆ. ಅದು ಸೊಪ್ಪಿಗೆ ಅಂಟಿಕೊಂಡೇ ಬರುತ್ತದೆ. ಕುರಿಯ ಹೊಟ್ಟೆಗೆ ಹೋಗುವುದು ಬರೀ ಸೊಪ್ಪಲ್ಲ ಎಂದು ಗೊತ್ತಾದ ಮೇಲೆ ಸಂಶೋಧನೆಯ ದಿಕ್ಕೇ ಬದಲಾಗುತ್ತದೆ. ಇಂಥ ಸಂಗತಿಗಳು ಪುಸ್ತಕದಲ್ಲಿ ಸಿಗುವುದು ಕಷ್ಟ, ಸಾಕುವವರನ್ನೇ ಕೇಳಬೇಕು.

ಓದು ಮತ್ತು ಸಿನಾಪ್ಸಿಸ್

ವಿಷಯ ಹೊಳೆದ ಕೂಡಲೇ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ‘ಕೃಷಿಕೋಶ’ ಜಾಲತಾಣ ತೆರೆಯಿರಿ. ದೇಶದ ಕೃಷಿ, ಪಶುವೈದ್ಯ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿವೆ. ನಿಮ್ಮ ಪ್ರಶ್ನೆಯನ್ನು ಈಗಾಗಲೇ ಯಾರಾದರೂ ಕೇಳಿದ್ದರೆ ಬೇಸರ ಬೇಡ. ಅವರು ಬಿಟ್ಟ ಜಾಗ ಯಾವುದು ಎಂದು ನೋಡಿ. ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ: 1995ರಲ್ಲಿ ಆಡುಗೋಡಿಯಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ, ಅಂದರೆ ಎನ್‌ಐಎಎನ್‌ಪಿ. ರೋಗಗಳ ಹರಡುವಿಕೆಯ ಕುರಿತು ಕೆಲಸ ಮಾಡುವವರಿಗೆ ಯಲಹಂಕದ ನಿವೇದಿ ಸಂಸ್ಥೆಯಿದೆ. ನಿಮ್ಮ ವಿಭಾಗದಲ್ಲಿ ಇಲ್ಲದ ಉಪಕರಣ ಬೇಕಾದರೆ ಇಂಥಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಮಾದರಿಗಳು ಫ್ರೀಜರ್‌ನಲ್ಲಿ ತುಂಬಿದ ಮೇಲೆ ಯಂತ್ರ ಹುಡುಕುತ್ತಾ ಅಲೆಯುವುದು ಬೇಡ.

ಸಿನಾಪ್ಸಿಸ್‌ನಲ್ಲಿ ಉದ್ದೇಶಗಳು ಎರಡು ಅಥವಾ ಮೂರು ಸಾಕು. ಆರು ಉದ್ದೇಶ ಬರೆದರೆ ಗೈಡ್ ಒಪ್ಪಿದರೂ ಕಾಲ ಒಪ್ಪುವುದಿಲ್ಲ.

ಅನುಮತಿ ತಡವಾದರೆ ಎಲ್ಲವೂ ತಡ

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಚೌಕಟ್ಟಿದೆ. ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹನಿ ರಕ್ತವನ್ನೂ ತೆಗೆಯಬೇಡಿ. ಎಷ್ಟು ಪ್ರಾಣಿ, ಯಾಕೆ ಅಷ್ಟೇ, ನೋವು ಕಡಿಮೆ ಮಾಡಲು ಏನು ಕ್ರಮ, ಪ್ರಯೋಗ ಮುಗಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಸಮಿತಿ ಉತ್ತರ ಕೇಳುತ್ತದೆ. ದನ, ಕುರಿಯಂಥ ದೊಡ್ಡ ಪ್ರಾಣಿಗಳಾದರೆ ಕೇಂದ್ರ ಸಮಿತಿಯ ಅನುಮತಿಯೂ ಬೇಕಾಗುತ್ತದೆಯೇ ಎಂದು ಮೊದಲ ಸೆಮಿಸ್ಟರ್‌ನಲ್ಲೇ ವಿಚಾರಿಸಿಕೊಳ್ಳಿ. ಸಮಿತಿಯ ಸಭೆ ನಿಮ್ಮ ಅವಸರಕ್ಕೆ ತಕ್ಕಂತೆ ಸೇರುವುದಿಲ್ಲ. ರೈತರ ಮನೆಯ ಹಸುಗಳ ಮೇಲೆ ಅಧ್ಯಯನವಾದರೆ ಮನೆಯವರ ಒಪ್ಪಿಗೆಪತ್ರ ಕನ್ನಡದಲ್ಲಿರಲಿ, ಓದಿ ಹೇಳಿ ಸಹಿ ಪಡೆಯಿರಿ.

ಎಷ್ಟು ಕುರಿ, ಯಾವ ಗುಂಪು

ನಮ್ಮ ಉದಾಹರಣೆಗೆ ಬನ್ನೂರು ತಳಿಯ ಹದಿನೆಂಟು ಗಂಡುಮರಿಗಳನ್ನು ತೆಗೆದುಕೊಳ್ಳೋಣ. ಆರರಂತೆ ಮೂರು ಗುಂಪು: ಒಂದಕ್ಕೆ ಮಾಮೂಲಿ ಹಿಂಡಿ, ಉಳಿದೆರಡಕ್ಕೆ ಹಿಂಡಿಯ ಕಾಲು ಪಾಲು ಮತ್ತು ಅರ್ಧ ಪಾಲು ತೆಗೆದು ಒಣಸೊಪ್ಪು; ರಾಗಿಹುಲ್ಲು ಮೂರಕ್ಕೂ. ಗುಂಪು ಮಾಡುವಾಗ ಕಣ್ಣಂದಾಜು ಸಲ್ಲದು. ಮರಿಗಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಹತ್ತಿರದ ತೂಕದ ಮೂರು ಮೂರನ್ನು ಒಟ್ಟಿಗೆ ಹಿಡಿದು, ಯಾವುದು ಯಾವ ಗುಂಪಿಗೆ ಎಂದು ಚೀಟಿ ಎತ್ತಿ. ದಷ್ಟಪುಷ್ಟ ಮರಿಗಳೆಲ್ಲ ಒಂದೇ ಗುಂಪಿಗೆ ಸೇರಿಬಿಟ್ಟರೆ ಅದರ ಯಶಸ್ಸಿಗೆ ಆಹಾರ ಕಾರಣವೆಂದು ಹೇಳಲಾಗದು.

ಇಲ್ಲೇ ದೊಡ್ಡದೊಂದು ಗುಂಡಿಯಿದೆ. ಆರು ಮರಿಗಳನ್ನು ಒಂದೇ ದೊಡ್ಡಿಯಲ್ಲಿ ಕೂಡಿ, ಒಂದೇ ಗೋದಲೆಯಲ್ಲಿ ಮೇವು ಹಾಕಿದರೆ ಯಾವ ಮರಿ ಎಷ್ಟು ತಿಂದಿತು ಎಂದು ತಿಳಿಯುವುದಿಲ್ಲ. ಮೇವಿನ ಲೆಕ್ಕದಲ್ಲಿ ಆಗ ಆ ಆರೂ ಸೇರಿ ಒಂದೇ ಘಟಕ. ಆರು ಎಂದು ಬರೆದು ಅಂಕಿಅಂಶ ಹಾಕಿದರೆ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಮೊದಲು ಹಿಡಿಯುವುದೇ ಅದನ್ನು. ಪ್ರತಿ ಮರಿಗೂ ಬೇರೆ ಅಡ್ಡಗಟ್ಟು, ಬೇರೆ ಬಕೆಟ್ ಬೇಕು. ಅಂಕಿಅಂಶ ವಿಭಾಗದವರ ಬಳಿಗೆ ಪ್ರಯೋಗ ಮುಗಿದ ಮೇಲೆ ಹೋಗುವ ಅಭ್ಯಾಸವನ್ನು ಬಿಟ್ಟು, ಮರಿ ಕೊಳ್ಳುವ ಮೊದಲೇ ಹೋಗಿ.

ಮರಿಗಳು ಬಂದ ಮೇಲೆ ಜಂತುನಾಶಕ ಕುಡಿಸಿ, ಪಿಪಿಆರ್ ಮತ್ತು ಕರುಳುಬೇನೆ ಲಸಿಕೆ ಹಾಕಿಸಿ, ಹೊಸ ಆಹಾರವನ್ನು ದಿನಕ್ಕಿಷ್ಟರಂತೆ ಹೆಚ್ಚಿಸುತ್ತಾ ಹೋಗಿ. ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಎರಡು–ಮೂರು ವಾರ ಬೇಕು. ಆ ದಿನಗಳ ಅಂಕಿಗಳನ್ನು ಫಲಿತಾಂಶಕ್ಕೆ ಸೇರಿಸುವಂತಿಲ್ಲ.

ಗೋದಲೆ ಮತ್ತು ತಕ್ಕಡಿ

ಇಡೀ ಥೀಸಿಸ್ ನಿಂತಿರುವುದು ಬೆಳಗಿನ ತೂಕದ ಕೆಲಸದ ಮೇಲೆ. ಹಾಕಿದ ಮೇವಿನ ತೂಕ, ಮರುದಿನ ಬೆಳಿಗ್ಗೆ ಬಿಟ್ಟ ಮೇವಿನ ತೂಕ, ಎರಡನ್ನೂ ಪ್ರತಿದಿನ ಬರೆಯಬೇಕು. ಮರಿ ಹೊಟ್ಟೆ ತುಂಬ ತಿಂದಿದೆ ಎನ್ನಲು ಹತ್ತರಲ್ಲಿ ಒಂದು ಪಾಲಾದರೂ ಉಳಿಯುವಷ್ಟು ರಾಗಿಹುಲ್ಲು ಹಾಕಿರಬೇಕು. ಉಳಿದದ್ದನ್ನು ಕೈಗೆ ತೆಗೆದುಕೊಂಡು ನೋಡಿ: ಎಲೆ, ತೆನೆಯ ಚೂರು ಮಾಯವಾಗಿ ದಪ್ಪ ಕಾಂಡವಷ್ಟೇ ಇರುತ್ತದೆ. ಕುರಿ ಆರಿಸಿ ತಿನ್ನುವ ಪ್ರಾಣಿ. ಆದ್ದರಿಂದ ಹಾಕಿದ ಹುಲ್ಲಿನ ಪ್ರೋಟೀನ್ ಅಂಕಿಯನ್ನೇ ಉಳಿಕೆಗೂ ಹಚ್ಚಿದರೆ ಮರಿ ತಿಂದ ಪ್ರೋಟೀನನ್ನು ಕಡಿಮೆ ತೋರಿಸಿದಂತಾಗುತ್ತದೆ. ಎರಡರ ಮಾದರಿಯನ್ನೂ ಬೇರೆ ಬೇರೆ ವಿಶ್ಲೇಷಿಸಬೇಕು.

ತೂಕದ ವಿಷಯದಲ್ಲಿ ಸಣ್ಣ ಲೆಕ್ಕವೊಂದನ್ನು ಹಾಕಿ. ಮರಿಯೊಂದು ದಿನಕ್ಕೆ 80 ಗ್ರಾಂ ಬೆಳೆಯುತ್ತದೆ ಎನ್ನಿ. ತೂಗುವ ಮುನ್ನ ಅದು ಒಂದು ಲೀಟರ್ ನೀರು ಕುಡಿದರೆ ತಕ್ಕಡಿ ತೋರಿಸುವ ಹೆಚ್ಚಳ ಹನ್ನೆರಡೂವರೆ ದಿನದ ಬೆಳವಣಿಗೆಗೆ ಸಮ! ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವು–ನೀರು ಕೊಡುವ ಮೊದಲು, ಅದೇ ತಕ್ಕಡಿಯಲ್ಲಿ ತೂಗಿ. ಆರಂಭದ ಮತ್ತು ಕೊನೆಯ ತೂಕವನ್ನು ಎರಡು ದಿನ ಸತತ ತೂಗಿ ಸರಾಸರಿ ತೆಗೆಯಿರಿ.

ಪಚನ ಪ್ರಯೋಗದ ಆರೇಳು ದಿನ ನೀವು ಕೊಟ್ಟಿಗೆ ಬಿಟ್ಟು ಕದಲುವಂತಿಲ್ಲ. ಗಂಡುಮರಿಗಳನ್ನು ಆರಿಸಿಕೊಂಡದ್ದು ಇದಕ್ಕೇ: ಪಂಜರದಲ್ಲಿ ಹಿಕ್ಕೆ, ಮೂತ್ರ ಬೇರೆ ಬೇರೆಯಾಗಿ ಹಿಡಿಯುವುದು ಸುಲಭ. ಹಿಕ್ಕೆಯನ್ನು ಓವನ್‌ನಲ್ಲಿ ಒಣಗಿಸಿದರೆ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಅದಕ್ಕೆಂದೇ ಒಂದು ಪಾಲನ್ನು ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಹಸಿಯಾಗಿಯೇ ತೆಗೆದಿಡಿ. ರಕ್ತ ತೆಗೆಯುವ ಹೊತ್ತೂ ಪ್ರತಿಸಲ ಒಂದೇ ಇರಲಿ. ಮೇವು ತಿಂದ ಮೇಲೆ ಗ್ಲೂಕೋಸ್, ಯೂರಿಯಾ ಮಟ್ಟ ಗಂಟೆಗಂಟೆಗೂ ಬದಲಾಗುತ್ತದೆ.

ಪ್ರಯೋಗಾಲಯದಲ್ಲಿ

ಕೆಲ್ಡಾಲ್ ವಿಧಾನದಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸಿದರೆ ಕಚ್ಚಾ ಪ್ರೋಟೀನ್ ಬರುತ್ತದೆ, ಇದು ಎಲ್ಲರಿಗೂ ಗೊತ್ತು. ನಮ್ಮ ಸೊಪ್ಪಿನಲ್ಲಿ ಕಣ್ಣಿಡಬೇಕಾದದ್ದು ಬೂದಿಯ ಮೇಲೆ. ತೋಟದಿಂದ ನೇರ ಕಿತ್ತ ಸೊಪ್ಪಿಗಿಂತ ಉಳಿಕೆ ಸೊಪ್ಪಿನಲ್ಲಿ ಬೂದಿ, ಕ್ಯಾಲ್ಸಿಯಂ ಜಾಸ್ತಿ ಬಂದರೆ ಅದು ಉದುರಿಸಿದ ಸುಣ್ಣದ ಗುರುತಾಗಿರಬಹುದು. ಹಾಗೆ ಬಂದರೆ ರಂಜಕದ ಜೊತೆ ಕ್ಯಾಲ್ಸಿಯಂ ಪ್ರಮಾಣ ತಪ್ಪಿದೆಯೇ ಎಂದೂ ನೋಡಬೇಕಾಗುತ್ತದೆ. ಗಂಡುಮರಿಗಳಲ್ಲಿ ಮೂತ್ರದ ಕಲ್ಲು ಕಾಣಿಸಿಕೊಳ್ಳಲು ಖನಿಜಗಳ ಏರುಪೇರೂ ಒಂದು ಕಾರಣ. ಆಹಾರದ ಪ್ರಶ್ನೆ ಆರೋಗ್ಯದ ಪ್ರಶ್ನೆಯೂ ಆಗುವುದು ಹೀಗೆ. ಪ್ರತಿ ಮಾದರಿಯನ್ನು ಎರಡು ಸಲ ಅಳೆಯಿರಿ, ಎರಡರ ಅಂತರ ದೊಡ್ಡದಿದ್ದರೆ ಮೂರನೆಯ ಸಲ.

ಮರಿ ಕಾಯಿಲೆ ಬಿದ್ದರೆ

ಚಿಕಿತ್ಸೆ ಮೊದಲು, ಅಂಕಿ ಆಮೇಲೆ. ಯಾವ ದಿನ ಏನು ಲಕ್ಷಣ, ಯಾವ ಔಷಧ, ಎಷ್ಟು ದಿನ ಮೇವು ಬಿಟ್ಟಿತು, ಎಲ್ಲವನ್ನೂ ದಾಖಲಿಸಿ. ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿಸಿ. ಹೊಂದದ ಅಂಕಿ ಎಂದು ಆ ಮರಿಯನ್ನು ಸದ್ದಿಲ್ಲದೆ ಪಟ್ಟಿಯಿಂದ ತೆಗೆಯುವುದು ಅಪ್ರಾಮಾಣಿಕತೆ. ಅದು ಹೊಸ ಆಹಾರದ ಗುಂಪಿನ ಮರಿಯಾಗಿದ್ದರೆ, ನಾಳೆ ಆ ಆಹಾರ ನಂಬಿ ಕುರಿ ಕಳೆದುಕೊಳ್ಳುವ ರೈತನಿಗೆ ಮಾಡಿದ ಅನ್ಯಾಯವೂ ಹೌದು.

ಬರೆಯುವಾಗ

ಸಾಮಗ್ರಿ ಮತ್ತು ವಿಧಾನದ ಅಧ್ಯಾಯವನ್ನು ಪ್ರಯೋಗ ನಡೆಯುತ್ತಿರುವಾಗಲೇ ಬರೆದು ಮುಗಿಸಿ. ನೆನಪು ಹಸಿಯಾಗಿರುವುದು ಆಗಲೇ. ದಿನಚರಿ ಪುಸ್ತಕದ ಪ್ರತಿ ಪುಟದ ಫೋಟೊ ಅಂದಂದೇ ತೆಗೆದಿಡಿ. ಗುಂಪುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ಗಾಬರಿ ಬೇಡ. ಹಿಂಡಿಯ ಕಾಲು ಪಾಲು ತೆಗೆದರೂ ಬೆಳವಣಿಗೆ ಕುಗ್ಗಲಿಲ್ಲ ಎಂಬುದು ಕುರಿ ಸಾಕುವವರಿಗೆ ಬೇಕಾದ ಸುದ್ದಿಯೇ. ಆದರೆ ಆರಾರು ಮರಿಗಳ ಪ್ರಯೋಗ ಎಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಬಲ್ಲದು ಎಂಬ ಮಿತಿಯನ್ನೂ ಪಕ್ಕದಲ್ಲೇ ಬರೆಯಿರಿ.

ಒಂದು ಕೋಷ್ಟಕ ಮಾತ್ರ ತಪ್ಪದೇ ಇರಲಿ: ಮರಿ ಒಂದು ಕಿಲೊ ತೂಕ ಹೆಚ್ಚಲು ಪ್ರತಿ ಗುಂಪಿನಲ್ಲಿ ತಗುಲಿದ ಮೇವಿನ ಖರ್ಚು, ರೂಪಾಯಿಯಲ್ಲಿ. ಸೊಪ್ಪು ಒಣಗಿಸಿದ ಕೂಲಿಯನ್ನೂ ಅದರಲ್ಲಿ ಸೇರಿಸಿ. ಆ ಕೋಷ್ಟಕವನ್ನು ಕನ್ನಡದ ಒಂದು ಪುಟದ ಟಿಪ್ಪಣಿಯ ಜೊತೆ, ಸೊಪ್ಪು ಕೊಟ್ಟ ಮನೆಗಳಿಗೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೂ ಮುಟ್ಟಿಸಿ.