ಥಾಯ್ಲೆಂಡಿನಲ್ಲಿ ಹಸಿದಾಗ

ಸಸ್ಯಾಹಾರಿಗಳೇ, ಥಾಯ್ಲೆಂಡಿಗೆ ಹೊರಟಿದ್ದೀರಾ? ‘ಮಾಂಸ ಬೇಡ’ ಎಂದಷ್ಟೇ ಹೇಳಿ ತಟ್ಟೆಗೆ ಕೈ ಹಾಕಬೇಡಿ. ಬ್ಯಾಂಕಾಕ್‌ನ ಬೀದಿಬದಿಯಲ್ಲಿ ಹಾಗೆ ಹೇಳಿಯೇ ನಾನು ಸೋಮ್ ತಾಮ್ ತಿಂದೆ. ಪಪ್ಪಾಯಕಾಯಿಯ ಕೋಸಂಬರಿ ಅನ್ನಿ. ಎರಡನೇ ತುತ್ತಿಗೇ ಮೀನಿನ ವಾಸನೆ, ಹಲ್ಲಿಗೆ ಒಣಸಿಗಡಿ. ಮಾರುವಾಕೆಯ ತಪ್ಪಿಲ್ಲ. ಅಲ್ಲಿ ಉಪ್ಪಿನ ಕೆಲಸ ಮಾಡುವುದೇ ನಾಮ್ ಪ್ಲಾ. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸವದು, ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ.

ಕಲಿಯಬೇಕಾದ ಪದ ಒಂದೇ: ‘ಜೇ’. ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಅದು. ಹಳದಿ ಬಾವುಟದ ಮೇಲೆ ಕೆಂಪಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಚೀಲದಲ್ಲೊಂದು ಡಬ್ಬಿ ಚಟ್ನಿಪುಡಿ ಇರಲಿ; ಬಿಸಿ ಅನ್ನವಂತೂ ಅಲ್ಲಿ ಎಲ್ಲೆಡೆ ಸಿಗುತ್ತದೆ.